ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಲಗೋರಿಯೋ ಕುಂಟೆಬಿಲ್ಲೆಯೋ ನಡೆಯುತ್ತಿರುವಾಗ ಮನೆಯ ಚಿಕ್ಕ ಮಗು ತಾನೂ ಬರುತ್ತೇನೆಂದು ಹಟ ಹಿಡಿದರೆ ದೊಡ್ಡ ಮಕ್ಕಳ ಬಳಿ ಒಂದು ಉಪಾಯ ಸದಾ ಸಿದ್ಧವಿರುತ್ತದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮಗು ಓಡುತ್ತದೆ, ಕಿರುಚುತ್ತದೆ. ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಸ್ವಲ್ಪ ಹೊತ್ತಿನಲ್ಲೇ ಅದಕ್ಕೆ ಮೋಸ ಗೊತ್ತಾಗಿ ಮುಖ ಊದಿಸಿಕೊಂಡು ಒಳಗೆ ಹೋಗುತ್ತದೆ. ವಿಡಿಯೊ ಗೇಮ್‌ಗಳು ಬಹಳ ಕಾಲ ಹೊಸಬರಿಗೆ ಇಷ್ಟು ದಾಕ್ಷಿಣ್ಯವನ್ನೂ ತೋರಿಸಲಿಲ್ಲ. ಮೂರು ಲೈಫ್ ಕೊಟ್ಟು, ಮೂರೂ ಒಂದೆರಡು ನಿಮಿಷದಲ್ಲಿ ಕಿತ್ತುಕೊಂಡು, ಬಾಗಿಲು ಹಾಕಿಬಿಡುತ್ತಿದ್ದವು. ಮುಂದೆ ಕರುಣೆ ಬಂದು 'ಸುಲಭ' ಎಂಬ ಆಯ್ಕೆಯೊಂದನ್ನು ಮೆನುವಿನಲ್ಲಿ ಇಟ್ಟಾಗಲೂ ಅದು ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲದವರ ಸಾಲೇ ಆಗಿತ್ತು. ಈ ಎರಡೂ ಬಗೆಯ ಅವಮಾನವಿಲ್ಲದೆ ಹೊಸಬನನ್ನು ಹೇಗೆ ಬರಮಾಡಿಕೊಳ್ಳಬಹುದು ಎಂದು 1992ರಲ್ಲೇ ತೋರಿಸಿಕೊಟ್ಟ ಒಂದು ಪುಟ್ಟ ಆಟವಿದೆ. ಅಂಗೈಯಗಲದ ಗೇಮ್ ಬಾಯ್ ಯಂತ್ರಕ್ಕಾಗಿ ಜಪಾನಿನಲ್ಲಿ ತಯಾರಾದ 'ಕರ್ಬೀಸ್ ಡ್ರೀಮ್ ಲ್ಯಾಂಡ್'. ಅದನ್ನು ಮುದ್ದಾದ ಗುಲಾಬಿ ಉಂಡೆಯೊಂದರ ಹುಟ್ಟುಹಬ್ಬವೆಂದಷ್ಟೇ ನೆನೆಯುವ ರೂಢಿಯಿದೆ. ಅದರ ನಿಜವಾದ ಕೊಡುಗೆ ಬೇರೆಯೇ ಎಂಬುದು ನನ್ನ ವಾದ. ಸುಲಭವನ್ನು ಆಟದ ಹೊರಗಿಂದ ರಿಯಾಯಿತಿಯಾಗಿ ಕೊಡದೆ ಆಟದ ಚಲನೆಯೊಳಗೇ ಹೆಣೆದದ್ದು ಅದರ ಸಾಧನೆ. ಇವತ್ತು ಅತಿ ಕಠಿಣವೆನಿಸಿಕೊಂಡ ಆಟಗಳೂ ಆ ಪಾಠವನ್ನು ಸದ್ದಿಲ್ಲದೆ ಪಾಲಿಸುತ್ತಿವೆ.

ನಮ್ಮಲ್ಲಿ ಟಿವಿಗೆ ಸಿಕ್ಕಿಸುವ ನಕಲಿ ಯಂತ್ರ ಮತ್ತು ಕ್ಯಾಸೆಟ್ಟುಗಳ ಮೂಲಕ ಬಂದ ಮಾರಿಯೊ, ಕಾಂಟ್ರಾಗಳು ಮನೆಮಾತಾದಷ್ಟು ಕರ್ಬಿ ಆಗಲಿಲ್ಲ. ಹಾಗಾಗಿ ಹಿನ್ನೆಲೆ ಸ್ವಲ್ಪ ಹೇಳಬೇಕು. ಹ್ಯಾಲ್ ಲ್ಯಾಬೊರೇಟರಿ ಎಂಬ ಜಪಾನಿ ಕಂಪನಿಗೆ ಸೇರಿದ್ದ ಮಸಾಹಿರೊ ಸಕುರಾಯಿ ಈ ಆಟದ ಕಲ್ಪನೆಯನ್ನು ಮುಂದಿಟ್ಟಾಗ ಅವರಿಗೆ 19 ವರ್ಷ. ನಾಯಕನ ಚಿತ್ರ ಇನ್ನೂ ಸಿದ್ಧವಿರಲಿಲ್ಲವೆಂದು, ಕೆಲಸ ಸಾಗಲಿ ಅಂತ ಎರಡು ಕಣ್ಣು, ಎರಡು ಕಾಲಿನ ಒಂದು ಉಂಡೆಯನ್ನು ತಾತ್ಕಾಲಿಕವಾಗಿ ಆ ಜಾಗದಲ್ಲಿ ಕೂರಿಸಿದರು. ನೋಡುತ್ತ ನೋಡುತ್ತ ಉಂಡೆಯ ಮೇಲೇ ಪ್ರೀತಿ ಹುಟ್ಟಿ, ಬಾಡಿಗೆಗೆ ಬಂದವನು ಮನೆ ಅಳಿಯನಾದ. ಕೀಲಿಮಣೆಯೇ ಇಲ್ಲದ, ಟ್ರ್ಯಾಕ್‌ಬಾಲ್ ಉರುಳಿಸಿ ತೆರೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಆರಿಸಬೇಕಿದ್ದ ಸಲಕರಣೆಯಲ್ಲಿ ಇದರ ಕೆಲಸ ನಡೆಯಿತು ಎಂದು ಸಕುರಾಯಿ ಆಮೇಲೆ ಹೇಳಿಕೊಂಡಿದ್ದಾರೆ. ಮೊದಲ ಹೆಸರು 'ಟ್ವಿಂಕಲ್ ಪೊಪೊ'. ಹ್ಯಾಲ್ ಅದನ್ನು ತಾನೇ ಮಾರಲು ಹೊರಟು, ಸುಮಾರು 26,000 ಪ್ರತಿಗಳಿಗೆ ಮುಂಗಡ ಬೇಡಿಕೆಯೂ ಬಂದಿತ್ತು. ಇನ್ನೊಂದಿಷ್ಟು ತಿದ್ದಿದರೆ ಇದು ಬಹಳ ಚೆನ್ನಾಗಿ ಬರುತ್ತದೆ ಎಂದವರು ಮಾರಿಯೊ ಸೃಷ್ಟಿಕರ್ತ ಶಿಗೆರು ಮಿಯಾಮೊಟೊ. ಬೇಡಿಕೆಗಳನ್ನು ರದ್ದುಮಾಡಿ, ಆಟವನ್ನು ತಿದ್ದಿ, ಹೆಸರು ಬದಲಿಸಿ, 1992ರ ಏಪ್ರಿಲ್ 27ರಂದು ನಿಂಟೆಂಡೊ ಮೂಲಕ ಬಿಡುಗಡೆ ಮಾಡಲಾಯಿತು. ಆಮೇಲೆ ಮಾರಾಟವಾದ ಪ್ರತಿಗಳು 50 ಲಕ್ಷಕ್ಕೂ ಹೆಚ್ಚು. ಉಂಡೆಯ ಬಣ್ಣದ ಬಗ್ಗೆಯೂ ಒಂದು ತಮಾಷೆಯಿದೆ. ಸಕುರಾಯಿ ಮನಸ್ಸಿನಲ್ಲಿ ಅದು ಗುಲಾಬಿ, ಮಿಯಾಮೊಟೊ ಮನಸ್ಸಿನಲ್ಲಿ ಹಳದಿ, ಅಮೆರಿಕದ ಪೆಟ್ಟಿಗೆಯ ಮೇಲೆ ಬಿಳಿ. ಗೇಮ್ ಬಾಯ್ ತೆರೆಯಲ್ಲಿ ಬಣ್ಣವೇ ಇಲ್ಲದ್ದರಿಂದ ಯಾರದೂ ತಪ್ಪಲ್ಲ.

ಆ ತೆರೆಯ ಬಗ್ಗೆ ಎರಡು ಮಾತು ಹೇಳದೆ ವಾದ ಮುಂದೆ ಹೋಗುವುದಿಲ್ಲ. ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು, ಹಸಿರು ಛಾಯೆಯ ನಾಲ್ಕೇ ನಾಲ್ಕು ಮಬ್ಬುಗಳು, ಹಿಂಬದಿ ಬೆಳಕಿಲ್ಲ, ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಗಂಟೆಗಟ್ಟಲೆ ಓಡುತ್ತದೆ. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಉಪಯೋಗಕ್ಕೆ ಒಗ್ಗಿಸುವ ಗುನ್ಪೆ ಯೊಕೊಯಿ ಅವರ ಚಿಂತನೆಯಿಂದ 1989ರಲ್ಲಿ ಹುಟ್ಟಿದ ಯಂತ್ರವದು. ಅಗ್ಗದ ತೆರೆಗೆ ಒಂದು ರೋಗವಿತ್ತು: ಚಿತ್ರ ಬೇಗ ಚಲಿಸಿದರೆ ಹಿಂದೆ ನೆರಳು ಎಳೆದುಕೊಂಡು ಕಲಸಿಹೋಗುತ್ತಿತ್ತು. ಜಿಗಿಯುವ ಆಟಗಳಿಗೆ ಇದು ಶಾಪ. ಅಂಚು ಎಲ್ಲಿ ಮುಗಿಯಿತು, ಹಳ್ಳ ಎಲ್ಲಿ ಶುರುವಾಯಿತು ಎಂದು ಕೂದಲೆಳೆಯ ಲೆಕ್ಕದಲ್ಲಿ ಕಾಣಬೇಕಾದ ಆಟಗಳವು. ಯಂತ್ರದ ಜೊತೆಗೇ ಬಂದ 'ಸೂಪರ್ ಮಾರಿಯೊ ಲ್ಯಾಂಡ್' 12 ಹಂತಗಳ ಚೊಕ್ಕ ಆಟ, 1.8 ಕೋಟಿ ಪ್ರತಿ ಮಾರಾಟವಾದದ್ದು. ಆದರೂ ಅದರ ಮಾರಿಯೊ ಇರುವೆಯಷ್ಟು ಚಿಕ್ಕವನು, ನಿಯಮಗಳು ದೊಡ್ಡ ಟಿವಿಯ ಮಾರಿಯೊ ಕಾಲದವೇ. ಚಿಕ್ಕ ಮಾರಿಯೊ ಶತ್ರುವಿಗೆ ತಗುಲಿದರೆ ಸತ್ತ, ಹಳ್ಳಕ್ಕೆ ಬಿದ್ದರೆ ಸತ್ತ. ಕರ್ಬಿಯ ವಿನ್ಯಾಸ ಅದೇ ತೆರೆಯ ದೌರ್ಬಲ್ಯವನ್ನು ಒಪ್ಪಿಕೊಂಡು ಶುರುವಾಗುತ್ತದೆ. ಮಬ್ಬಿನಲ್ಲೂ ಗುರುತು ಸಿಗುವ ಗುಂಡನೆಯ ದೇಹ, ನಿಧಾನದ ಚಲನೆ, ಒಂದೇ ಏಟಿಗೆ ಸಾಯದಂತೆ ಆರು ಅಂಕದ ಶಕ್ತಿ. ಎಲ್ಲಕ್ಕಿಂತ ಮಿಗಿಲಾಗಿ, ಹಾರಾಟ.

ಜಿಗಿತವೇ ಜೀವಾಳವಾದ ಪ್ರಕಾರದಲ್ಲಿ ನಾಯಕನಿಗೆ ಮನಸ್ಸು ಬಂದಷ್ಟು ಹೊತ್ತು ಹಾರುವ ಶಕ್ತಿ ಕೊಡುವುದೆಂದರೆ ಕಬಡ್ಡಿಯಲ್ಲಿ ಉಸಿರು ಬಿಗಿಹಿಡಿಯುವ ನಿಯಮವನ್ನೇ ತೆಗೆದುಹಾಕಿದ ಹಾಗೆ. ಮೇಲಿನ ಬಟನ್ ಒತ್ತಿದರೆ ಕರ್ಬಿ ಗಾಳಿ ನುಂಗಿ ಬಲೂನಾಗಿ ಕೈ ಬಡಿಯುತ್ತ ಏರುತ್ತಾನೆ. ಹಳ್ಳ, ಮುಳ್ಳು, ಶತ್ರುಗಳ ಸಾಲು ಎಲ್ಲವೂ ಕೆಳಗೆ ಉಳಿಯುತ್ತವೆ. ಹೀಗಾದರೆ ಆಟದಲ್ಲಿ ಉಳಿದದ್ದೇನು ಎಂದು ಯಾರಾದರೂ ಕೇಳುವುದು ನ್ಯಾಯ. ಉತ್ತರ ಮೊದಲ ಹಂತವಾದ ಗ್ರೀನ್ ಗ್ರೀನ್ಸ್‌ನ ಕೊನೆಯಲ್ಲಿ, ಬೇರು ಬಿಟ್ಟ ಜಾಗದಲ್ಲೇ ನಿಂತ ಒಂದು ಮರದ ರೂಪದಲ್ಲಿದೆ. ವಿಸ್ಪಿ ವುಡ್ಸ್ ಎಂಬ ಈ ಮರಕ್ಕೆ ಸಪ್ಪೆ ಮೋರೆ; ಅದು ಬಾಯಿಂದ ಗಾಳಿಯುಂಡೆ ಊದುತ್ತದೆ, ಮೇಲಿಂದ ಸೇಬು ಉದುರಿಸುತ್ತದೆ. ಸೇಬು ತಲೆಗೆ ಬಿದ್ದರೆ ಪೆಟ್ಟು. ಅದೇ ಸೇಬನ್ನು ಬಾಯಿಂದ ಸೆಳೆದುಕೊಂಡು ಮರದ ಮೋರೆಗೆ ಉಗುಳಿದರೆ ಮರಕ್ಕೆ ಪೆಟ್ಟು. ಇಲ್ಲಿ ಹಾರಿ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಏಕೆಂದರೆ ಹಾರಿ ಹೋಗಲು ಮುಂದೆ ಜಾಗವೇ ಇಲ್ಲ. ಇಡೀ ಹಂತವನ್ನು ಮೋಡದ ಮೇಲೆ ತೇಲಿಕೊಂಡು ಬಂದವನೂ ಇಲ್ಲಿ ನೆಲಕ್ಕಿಳಿದು, ಎಲ್ಲಿ ನಿಲ್ಲಬೇಕು, ಯಾವಾಗ ಬಾಯಿ ತೆರೆಯಬೇಕು ಎಂದು ಕಲಿಯಲೇಬೇಕು. ಕಲಿಯಲು ಪಾಠದ ಪಟ್ಟಿ ಬೇಡ, ಒಂದು ಸಾಲಿನ ಸೂಚನೆಯೂ ಬೇಡ. ನಿನ್ನನ್ನು ಹೊಡೆಯಲು ಬಂದದ್ದೇ ನಿನ್ನ ಆಯುಧ ಎಂಬ ಆಟದ ಮೂಲ ವ್ಯಾಕರಣವನ್ನು ಮರವೊಂದು ಸೇಬು ಉದುರಿಸಿ ಹೇಳಿಕೊಡುತ್ತದೆ. ವಿಡಿಯೊ ಗೇಮ್ ಇತಿಹಾಸದಲ್ಲಿ ಇಷ್ಟು ಸಂಯಮದ ಮೇಷ್ಟ್ರು ಕಡಿಮೆ.

ಹಾರಾಟ ಪುಕ್ಕಟೆಯೂ ಅಲ್ಲ ಎಂಬುದನ್ನು ಗಮನಿಸಬೇಕು. ಬಲೂನಾಗಿರುವಾಗ ಕರ್ಬಿ ಶತ್ರುಗಳನ್ನು ಒಳಗೆಳೆದುಕೊಳ್ಳಲಾರ. ಉಸಿರು ಬಿಟ್ಟರೆ ಒಂದು ಪುಸ್ಸೆನ್ನುವ ಗಾಳಿ, ಅಷ್ಟೇ. ದಾರಿಯುದ್ದಕ್ಕೂ ಇಟ್ಟಿರುವ ತಿಂಡಿಗಳಲ್ಲಿ ಕೆಲವು ಕೆಳಗೇ ಉಳಿದುಹೋಗುತ್ತವೆ. ಅವುಗಳಲ್ಲೊಂದು ಖಾರದ ಪದಾರ್ಥ. ತಿಂದರೆ ಬಾಯಿಂದ ಬೆಂಕಿ ಬರುತ್ತದೆ. ಮೆಣಸಿನಕಾಯಿಯ ನಾಡಿನಲ್ಲಿ ಇದಕ್ಕೆ ವಿವರಣೆ ಬೇಕಿಲ್ಲ. ಅಂದರೆ ಹಾರುವವನು ಸುರಕ್ಷತೆ ಪಡೆದು ರುಚಿಯನ್ನು ಬಿಟ್ಟುಕೊಡುತ್ತಾನೆ; ನಡೆಯುವವನು ಅಪಾಯ ಪಡೆದು ರುಚಿ ನೋಡುತ್ತಾನೆ. ಪ್ರತಿ ಹೆಜ್ಜೆಯಲ್ಲೂ ಈ ಚೌಕಾಸಿ ಆಟಗಾರನ ಹೆಬ್ಬೆರಳಿನಲ್ಲಿ ನಡೆಯುತ್ತಿರುತ್ತದೆ. ಇದನ್ನು 2009ರ 'ನ್ಯೂ ಸೂಪರ್ ಮಾರಿಯೊ ಬ್ರದರ್ಸ್ ವೀ' ಆಟದ ಏರ್ಪಾಟಿನ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಒಂದೇ ಹಂತದಲ್ಲಿ ಎಂಟು ಸಲ ಸತ್ತರೆ ಹಸಿರು ಪೆಟ್ಟಿಗೆಯೊಂದು ಪ್ರತ್ಯಕ್ಷವಾಗುತ್ತದೆ. ಒಪ್ಪಿದರೆ ಕಂಪ್ಯೂಟರೇ ಆ ಹಂತವನ್ನು ಆಡಿ ತೋರಿಸುತ್ತದೆ. ಒಳ್ಳೆಯ ಉದ್ದೇಶವೇ. ಆದರೆ ಎಂಟು ಸಲ ಸೋತ ಮೇಲೆ ಎಲ್ಲರೆದುರು ಬರುವ ಆ ಪೆಟ್ಟಿಗೆ, ಪಕ್ಕಕ್ಕೆ ಕೂರು ಅಣ್ಣ ಆಡಿಕೊಡುತ್ತಾನೆ ಎಂದಂತಿರುತ್ತದೆ. ಕರ್ಬಿಯಲ್ಲಿ ಸಹಾಯ ಪಡೆಯುವವನಿಗೂ ಪಡೆಯದವನಿಗೂ ನಡುವೆ ಗೆರೆಯೇ ಇಲ್ಲ. ಹಳ್ಳದ ಮೇಲೆ ಹಾರಿದವನು ಸೋತು ಹಾರಿದನೋ ಖುಷಿಗೆ ಹಾರಿದನೋ ಹೇಳಲು ಯಾರಿಂದಲೂ ಆಗದು. ಚಿಕ್ಕ ಮಗುವನ್ನು ಲೆಕ್ಕಕ್ಕೆ ತೆಗೆದುಕೊಂಡು ಆಡಿಸುವುದೆಂದರೆ ಹೀಗೆ.

ಕಷ್ಟಪಡದೆ ಗೆದ್ದರೆ ಗೆಲುವಿಗೆ ರುಚಿಯೆಲ್ಲಿ ಎಂಬುದು ಮೊದಲ ಆಕ್ಷೇಪ, ಗಟ್ಟಿಯಾದ ಆಕ್ಷೇಪವೂ ಹೌದು. ಈ ಆಟ ಐದೇ ಹಂತಗಳದ್ದು. ಪಳಗಿದ ಕೈ ಅರ್ಧ ಗಂಟೆಯಲ್ಲಿ ಮುಗಿಸುತ್ತದೆ. ಕಠಿಣ ಆಟವೊಂದರ ಮುಂದೆ ವಾರಗಟ್ಟಲೆ ಸೋತು ಕೊನೆಗೆ ಗೆದ್ದವನ ಮೈಯಲ್ಲಿ ಓಡುವ ಮಿಂಚು ಇಲ್ಲಿ ಸಿಗದು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಕಾಠಿಣ್ಯ ಬಂದದ್ದೆಲ್ಲಿಂದ ಎಂದು ಒಮ್ಮೆ ಕೇಳಬೇಕು. ಆರ್ಕೇಡ್ ಯಂತ್ರಕ್ಕೆ ಆಟಗಾರ ಬೇಗ ಸಾಯುವುದೇ ಬೇಕಿತ್ತು, ಏಕೆಂದರೆ ಸತ್ತರೆ ಇನ್ನೊಂದು ನಾಣ್ಯ. ಮನೆಯ ಯಂತ್ರಗಳಿಗೆ ಬಂದಾಗ ನಾಣ್ಯ ಹೋದರೂ ಅಭ್ಯಾಸ ಉಳಿಯಿತು. ಕ್ಯಾಸೆಟ್ಟಿನ ಚೂರು ಜಾಗದಲ್ಲಿ ಹಿಡಿಸುವ ನಾಲ್ಕಾರು ಹಂತಗಳನ್ನು ತಿಂಗಳುಗಟ್ಟಲೆ ಎಳೆಯಲು ಕಷ್ಟವೇ ಅಗ್ಗದ ದಾರಿ. 1986ರಲ್ಲಿ ಜಪಾನಿನಲ್ಲಿ ಬಂದ 'ಸೂಪರ್ ಮಾರಿಯೊ ಬ್ರದರ್ಸ್ 2' ಎಷ್ಟು ನಿರ್ದಯವಾಗಿತ್ತೆಂದರೆ, ನಿಂಟೆಂಡೊದ ಅಮೆರಿಕ ಶಾಖೆ ಅದನ್ನು ಬೇಡವೆಂದು, ಅದೇ ಹೆಸರಿನಲ್ಲಿ ಬೇರೊಂದು ಆಟವನ್ನೇ ಮಾರಿತು. ಆ ಕಾಲದ ಕಷ್ಟದಲ್ಲಿ ಕಲೆ ಎಷ್ಟಿತ್ತೋ ಲಾಭನಷ್ಟದ ಲೆಕ್ಕವೂ ಅಷ್ಟೇ ಇತ್ತು. ಹಳೆಯ ಆಟಗಾರರು ಅದನ್ನೇ ಪೌರುಷದ ಪರೀಕ್ಷೆಯೆಂದು ಪೂಜಿಸುವುದು, ಸೊಸೆಯಾಗಿ ತಾನು ಪಟ್ಟ ಪಾಡನ್ನೇ ಅತ್ತೆ ಸಂಪ್ರದಾಯ ಎಂದು ಕರೆದ ಹಾಗಾಯಿತು.

ಇಷ್ಟಾದರೂ ಕಷ್ಟದ ಆಸೆ ಸುಳ್ಳಲ್ಲ. ಕರ್ಬಿಯ ಸೃಷ್ಟಿಕರ್ತರಿಗೂ ಅದು ಗೊತ್ತಿತ್ತು. ಆಟದ ಕೊನೆಯಲ್ಲಿ ನಾಡಿನ ತಿಂಡಿಯನ್ನೆಲ್ಲ ಕದ್ದ ದೊರೆ ಡಿಡಿಡಿ ಸೋತು, ಕರ್ಬಿ ದೊಡ್ಡ ಬಲೂನಾಗಿ ಊದಿಕೊಂಡು ಅರಮನೆಯನ್ನೇ ಮೇಲೆತ್ತಿದ ಮೇಲೆ, ತೆರೆಯ ಮೇಲೊಂದು ಗುಟ್ಟು ಮೂಡುತ್ತದೆ: ಶೀರ್ಷಿಕೆಯ ತೆರೆಯಲ್ಲಿ ಮೇಲಿನ ಬಟನ್, ಎ ಮತ್ತು ಸೆಲೆಕ್ಟ್ ಒಟ್ಟಿಗೆ ಒತ್ತಿ ನೋಡು. ಒತ್ತಿದರೆ 'ಎಕ್ಸ್‌ಟ್ರಾ ಗೇಮ್' ತೆರೆದುಕೊಳ್ಳುತ್ತದೆ. ಅದೇ ಐದು ಹಂತ, ಆದರೆ ಎದುರಾಗುವ ಶತ್ರುಗಳು ಉಗ್ರರು, ಮೊದಲ ಸಲದ ಸೌಮ್ಯ ಉದ್ಯಾನ ಗುರುತೇ ಸಿಗುವುದಿಲ್ಲ. ಹೀಗೆ ಕಷ್ಟವಿದೆ, ಆದರೆ ಅದು ಹೊಸಬನನ್ನು ತಡೆಯುವ ಹೊಸ್ತಿಲಲ್ಲಿಲ್ಲ. ಉಂಡು ತೃಪ್ತನಾದವನಿಗೆ ಇನ್ನೂ ಬೇಕೇ ಎಂದು ಕೇಳಿ ಬಡಿಸುವಲ್ಲಿದೆ. ಕಷ್ಟದ ಪಕ್ಷಪಾತಿಗಳು ಇವತ್ತು ಎತ್ತಿ ತೋರಿಸುವ ದೊಡ್ಡ ಪತಾಕೆ 2022ರ ಫೆಬ್ರವರಿಯಲ್ಲಿ ಬಂದ 'ಎಲ್ಡನ್ ರಿಂಗ್'. ಅದರಲ್ಲಿ ಕಷ್ಟ-ಸುಲಭದ ಮೆನು ಇಲ್ಲ ಎಂಬುದು ಅವರ ಹೆಮ್ಮೆ. ನಿಜ, ಇಲ್ಲ. ಆದರೆ ಅದರ ವಿಶಾಲ ಬಯಲಿನಲ್ಲಿ ಎದುರಾಳಿ ಭಾರವೆನಿಸಿದರೆ ಕುದುರೆ ತಿರುಗಿಸಿ ಬೇರೆಡೆ ಹೋಗಬಹುದು, ಬಲ ಹೆಚ್ಚಿಸಿಕೊಂಡು ಮರಳಬಹುದು, ಕಾದಾಡಲು ಜೊತೆಗೊಂದು ಪ್ರೇತವನ್ನು ಕರೆದುಕೊಳ್ಳಬಹುದು. ಸಹಾಯ ಮೆನುವಿನಲ್ಲಿಲ್ಲ, ಕೈಯಲ್ಲಿದೆ. ಪಡೆಯುವುದೂ ಬಿಡುವುದೂ ಆಡುತ್ತಲೇ ಮಾಡುವ ನಿರ್ಧಾರ. ಹಸಿರು ತೆರೆಯ ಉಂಡೆ 30 ವರ್ಷ ಮೊದಲು ಹಳ್ಳದ ಮೇಲೆ ಹಾರುತ್ತ ಮಾಡಿದ್ದು ಇದನ್ನೇ. ಒಂದು ಆಟದ ಸೃಷ್ಟಿಕರ್ತರು ಇನ್ನೊಂದನ್ನು ನೋಡಿ ಕಲಿತರು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ವಿನ್ಯಾಸ ಎರಡು ದಿಕ್ಕಿನಿಂದ ನಡೆದು ಬಂದು ಒಂದೇ ಕಡೆ ಸೇರಿದೆ ಎನ್ನುತ್ತಿದ್ದೇನೆ.

ನೇರವಾದ ಪ್ರಭಾವದ ಜಾಡು ಬೇಕಿದ್ದರೆ ಜನರನ್ನು ಹಿಂಬಾಲಿಸಬೇಕು. ಮರುವರ್ಷವೇ, 1993ರಲ್ಲಿ, ಟಿವಿ ಯಂತ್ರಕ್ಕೆ ಬಂದ 'ಕರ್ಬೀಸ್ ಅಡ್ವೆಂಚರ್'ನಲ್ಲಿ ಸಕುರಾಯಿ ತಂಡ ನುಂಗಿದ ಶತ್ರುವಿನ ವಿದ್ಯೆಯನ್ನು ತನ್ನದಾಗಿಸಿಕೊಳ್ಳುವ ಶಕ್ತಿಯನ್ನು ಸೇರಿಸಿತು. ಬಟನ್‌ಗಳು ಹೆಚ್ಚಲಿಲ್ಲ, ಆಯ್ಕೆಗಳು ಹೆಚ್ಚಿದವು. ಕತ್ತಿಯವನನ್ನು ನುಂಗಿದರೆ ಕತ್ತಿ, ಬೆಂಕಿಯವನನ್ನು ನುಂಗಿದರೆ ಬೆಂಕಿ. ಹೊಸಬ ಸುಮ್ಮನೆ ನುಂಗುತ್ತಾನೆ, ಹಳಬ ಆರಿಸಿ ನುಂಗುತ್ತಾನೆ. ಮುಂದಿನದು ಸಕುರಾಯಿ ತಾವೇ ಹೇಳಿಕೊಂಡ ಪ್ರಸಂಗ. ಆರ್ಕೇಡ್ ಒಂದರಲ್ಲಿ 'ಕಿಂಗ್ ಆಫ್ ಫೈಟರ್ಸ್ 95' ಎಂಬ ಹೊಡೆದಾಟದ ಆಟದಲ್ಲಿ ಎದುರಾಳಿಯನ್ನು ಮಣ್ಣುಮುಕ್ಕಿಸಿ ನೋಡಿದರೆ, ಆಚೆ ಬದಿಯಲ್ಲಿ ಕೂತಿದ್ದದ್ದು ಆಟಕ್ಕೆ ಹೊಸಬರಾದ ಒಂದು ಜೋಡಿ. ಗೆದ್ದದ್ದಕ್ಕೆ ಖುಷಿಯಾಗುವ ಬದಲು ಮನಸ್ಸು ಮುದುಡಿತು. ಸಾಲುಸಾಲು ಬಟನ್‌ಗಳ ಸರಣಿಯನ್ನು ಬಾಯಿಪಾಠ ಮಾಡಿದವರಷ್ಟೇ ಗೆಲ್ಲುವ ಪ್ರಕಾರಕ್ಕೆ ಅವರು ಕೊಟ್ಟ ಉತ್ತರ 1999ರ 'ಸೂಪರ್ ಸ್ಮ್ಯಾಶ್ ಬ್ರದರ್ಸ್'. ಒಂದು ದಿಕ್ಕು, ಒಂದು ಬಟನ್. ಎದುರಾಳಿಯನ್ನು ಅಖಾಡದಿಂದ ಹೊರಗೆ ಎಸೆದರೆ ಆಯಿತು. ಕರ್ಬಿ ಅದರಲ್ಲೊಬ್ಬ ಕುಸ್ತಿಪಟು, ಅದೇ ಹಾರಾಟ, ಅದೇ ನುಂಗಾಟ. ಜುನ್ ಇಶಿಕಾವಾ ಗೇಮ್ ಬಾಯ್‌ಗೆ ಹೊಸೆದ ಗ್ರೀನ್ ಗ್ರೀನ್ಸ್ ರಾಗವೂ ಆ ಸರಣಿಯಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. 2018ರಲ್ಲಿ ಬಂದ ಅದರ 'ಅಲ್ಟಿಮೇಟ್' ಆವೃತ್ತಿ 3 ಕೋಟಿಗೂ ಮೀರಿ ಮಾರಾಟವಾಗಿದೆ. ಹಬ್ಬಕ್ಕೆ ಸೇರಿದ ಚಿಳ್ಳೆಪಿಳ್ಳೆಗಳು ಬಟನ್ ಕುಟ್ಟಿ ಕೇಕೆ ಹಾಕುವುದೂ ಇದೇ ಆಟದಲ್ಲಿ. ವೃತ್ತಿಪರರು ಪಂದ್ಯಾವಳಿಗಳಲ್ಲಿ ಕ್ಷಣದ ಚೂರುಗಳನ್ನು ಎಣಿಸಿ ಸೆಣಸುವುದೂ ಇದೇ ಆಟದಲ್ಲಿ. ಸುಲಭವಾದರೆ ಆಳ ಇರದು ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿಲ್ಲ.

ಎರಡನೆಯ ವ್ಯಕ್ತಿ ಡ್ರೀಮ್ ಲ್ಯಾಂಡ್‌ನ ನಿರ್ಮಾಪಕರಾಗಿದ್ದ ಸತೊರು ಇವಾಟಾ. ಇಲ್ಲಿ ಇನ್ನೊಂದು ಆಕ್ಷೇಪವೂ ತಾನಾಗಿ ಎದ್ದು ನಿಲ್ಲುತ್ತದೆ: ಇದೆಲ್ಲ ಉದಾರತೆಯ ಕಥೆಯೇ, ಅಥವಾ ಗಿರಾಕಿಗಳನ್ನು ಹೆಚ್ಚಿಸಿಕೊಳ್ಳುವ ವ್ಯಾಪಾರವೇ? 1992ರಲ್ಲಿ ಹ್ಯಾಲ್ ದಿವಾಳಿಯ ಅಂಚಿನಲ್ಲಿತ್ತು. ಮರುವರ್ಷ 33ರ ಹರೆಯದ ಇವಾಟಾ ಅಧ್ಯಕ್ಷರಾದಾಗ ತಲೆಯ ಮೇಲಿದ್ದ ಸಾಲ 150 ಕೋಟಿ ಯೆನ್. ಅಂಥ ಕಂಪನಿಗೆ ಎಲ್ಲರೂ ಕೊಳ್ಳಬಲ್ಲ ಆಟ ಬೇಕಿತ್ತು ಎಂಬುದನ್ನು ಅಲ್ಲಗಳೆಯುವುದು ಮೂರ್ಖತನ. ವ್ಯಾಪಾರವೇ, ಸರಿ. ಆದರೆ ಮೇಲೆ ನೋಡಿದಂತೆ ಕಷ್ಟವೂ ವ್ಯಾಪಾರವೇ ಆಗಿತ್ತು. ಲಾಭದ ಉದ್ದೇಶ ಎರಡೂ ಕಡೆ ಇರುವುದರಿಂದ ತಕ್ಕಡಿಯ ಎರಡೂ ತಟ್ಟೆಯಿಂದ ಅದನ್ನು ತೆಗೆದಿಟ್ಟು ಉಳಿದದ್ದನ್ನು ತೂಗಬೇಕು. ಒಂದು ವ್ಯಾಪಾರ ಅದೇ ಗಿರಾಕಿಯನ್ನು ಸೋಲಿಸಿ ಸೋಲಿಸಿ ಕಾಸು ಎಣಿಸಿತು, ಇನ್ನೊಂದು ಹೊಸ ಗಿರಾಕಿಗೆ ಬಾಗಿಲು ತೆರೆದು ಎಣಿಸಿತು. ಇವಾಟಾ 2002ರಲ್ಲಿ ನಿಂಟೆಂಡೊ ಅಧ್ಯಕ್ಷರಾದ ಮೇಲೆ, ಆಡದವರನ್ನು ಆಟಕ್ಕೆ ಕರೆತರುವುದನ್ನೇ ಕಂಪನಿಯ ದಿಕ್ಕಾಗಿಸಿದರು. ಬೆರಳಿನಿಂದ ಮುಟ್ಟಿ ಆಡುವ ಡಿಎಸ್ 2004ರಲ್ಲಿ, ಕೈ ಬೀಸಿ ಆಡುವ ವೀ 2006ರಲ್ಲಿ ಬಂದವು; ವಿಡಿಯೊ ಗೇಮ್ ಮುಟ್ಟದ ಅಜ್ಜ-ಅಜ್ಜಿಯರು ನಡುಮನೆಯಲ್ಲಿ ನಿಂತು ಬೌಲಿಂಗ್ ಆಡಿದರು. ಈ ಹಾದಿ ಒಂದು ಉಂಡೆಯಿಂದಲೇ ಶುರುವಾಯಿತೆಂದರೆ ಅತಿಯಾದೀತು. ಆ ಹಾದಿಯಲ್ಲಿ ನಡೆದವರ ಜೇಬಿನಲ್ಲಿ ಆ ಉಂಡೆಯಿತ್ತು ಎಂದರೆ ಅತಿಯಲ್ಲ.

ಪ್ರಭಾವವನ್ನು ಉಬ್ಬಿಸುತ್ತಿದ್ದೇನೆಂಬ ದೂರಿಗೆ ಅರ್ಧ ತಲೆಬಾಗಲು ನನಗೆ ಅಡ್ಡಿಯಿಲ್ಲ. ಶಕ್ತಿಯ ಪಟ್ಟಿ ಕರ್ಬಿಗಿಂತ ಮೊದಲೇ ಬೇಕಾದಷ್ಟು ಆಟಗಳಲ್ಲಿತ್ತು. ನುಂಗಿ ಉಗುಳುವ ಚಮತ್ಕಾರವನ್ನು ಬೇರೆಯವರು ಹೆಚ್ಚು ನಕಲು ಮಾಡಲಿಲ್ಲ. ಪ್ಲಾಟ್‌ಫಾರ್ಮ್ ಎಂದು ಕರೆಯುವ ಈ ಜಿಗಿತದ ಆಟಗಳ ವಂಶವೃಕ್ಷ ಬರೆದರೆ ಕಾಂಡ ಮಾರಿಯೊನದೇ. ಮೆನುವಿನ ಸಹಾಯದ ಬಗ್ಗೆಯೂ ಒಂದು ಮಾತು ಒಪ್ಪಬೇಕು. 2018ರ 'ಸೆಲೆಸ್ಟ್' ಮೈಬೆವರಿಳಿಸುವ ಜಿಗಿತದ ಆಟ; ಅದರ 'ಅಸಿಸ್ಟ್ ಮೋಡ್'ನಲ್ಲಿ ಆಟದ ವೇಗವನ್ನು ತಗ್ಗಿಸಿಕೊಳ್ಳಬಹುದು, ಬೇಕಿದ್ದರೆ ಸಾವನ್ನೇ ರದ್ದುಮಾಡಿಕೊಳ್ಳಬಹುದು. ಅಂಗವೈಕಲ್ಯವಿರುವ ಆಟಗಾರರಿಗೆ ಇಂಥ ಸೌಲಭ್ಯಗಳು ಬಾಗಿಲು ತೆರೆದಿವೆ. ಮೆನುವಿನ ಸಹಾಯವೆಲ್ಲ ಅವಮಾನ ಎಂದು ಷರಾ ಬರೆದರೆ ಅವರಿಗೆ ಅನ್ಯಾಯ ಮಾಡಿದಂತೆ. ಕರ್ಬಿಯ ದಾರಿಯೊಂದೇ ದಾರಿಯಲ್ಲ. ಆದರೆ ವಿನ್ಯಾಸಕರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದರಲ್ಲಿದೆ: ಈ ಸಹಾಯವನ್ನು ಮೆನುವಿಗೆ ತಳ್ಳುವ ಮುನ್ನ, ನಾಯಕನ ಕೈಕಾಲಿಗೇ ಕೊಡಲು ಬರುತ್ತದೆಯೇ?

ನನಗೆ ಹೆಚ್ಚು ಕಾಡುವ ಆಕ್ಷೇಪ ಇನ್ನೊಂದಿದೆ. ಹೊಸಬರಿಗೆ ಸುಲಭವಾಗಲಿ ಎಂಬ ಮಾತನ್ನು ಇವತ್ತು ಎಲ್ಲರಿಗಿಂತ ಜೋರಾಗಿ ಪಾಲಿಸುತ್ತಿರುವುದು ಫೋನಿನ ಪುಕ್ಕಟೆ ಆಟಗಳು. ಒಂದು ಬೆರಳು ಸಾಕು, ಮೊದಲ 20 ಹಂತಗಳಲ್ಲಿ ಸೋಲಲು ಪ್ರಯತ್ನಪಟ್ಟರೂ ಸೋಲಲಾಗದು. ಹಾಗಾದರೆ ಕರ್ಬಿಯ ನಿಜವಾದ ವಾರಸುದಾರರು ಇವೇ ತಾನೇ? ಹೊರನೋಟಕ್ಕೆ ಹೌದೆನಿಸುತ್ತದೆ. ಆದರೆ ಡ್ರೀಮ್ ಲ್ಯಾಂಡ್‌ನ ಇನ್ನೊಂದು ಗುಣವನ್ನು ಮರೆತರಷ್ಟೇ ಹೌದು: ಅದು ಮುಗಿಯುತ್ತದೆ. ಆಟವನ್ನು ಅರ್ಧಕ್ಕೆ ಉಳಿಸಿಡುವ ಏರ್ಪಾಟು ಅದರಲ್ಲಿರಲಿಲ್ಲ. ಸೆಲ್ ತೆಗೆದರೆ ಎಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ಒಂದೇ ಸಲ ಕೂತು ಮುಗಿಸುವಂತಿರಲೇಬೇಕಿತ್ತು. ಒಂದು ರೈಲು ಪ್ರಯಾಣ, ಒಂದು ಮಳೆಯ ಮಧ್ಯಾಹ್ನ, ಅಷ್ಟೇ ಅಳತೆ. ಕೊನೆಗೆ ಅರಮನೆ ಹಾರುತ್ತದೆ, ತಿಂಡಿ ಊರಿಗೆ ಮರಳುತ್ತದೆ, ಆಟ ಕೈಬಿಡುತ್ತದೆ. ಫೋನಿನ ಆಟಕ್ಕೆ ಕೈಬಿಡುವುದೇ ಗೊತ್ತಿಲ್ಲ. ಅದರ ಸುಲಭ ಹೆಬ್ಬಾಗಿಲಿನ ರಂಗೋಲಿ. ಒಳಗೆ ಹೋದ ಮೇಲೆ ಶಕ್ತಿ ತೀರಿತು ನಾಲ್ಕು ಗಂಟೆ ಕಾಯಿ, ಕಾಯಲಾರೆಯಾದರೆ ದುಡ್ಡು ಕೊಡು, ನಾಳೆ ಬಾರದಿದ್ದರೆ ಇಂದಿನ ಬಹುಮಾನ ಹೋಯಿತು ಎಂಬ ವಸೂಲಿ ಶುರು. ಅಭಿಮನ್ಯುವಿಗೆ ಚಕ್ರವ್ಯೂಹ ಹೊಗಲಾದರೂ ವಿದ್ಯೆ ಬೇಕಿತ್ತು. ಇಲ್ಲಿ ಅದೂ ಬೇಡ. ಆರ್ಕೇಡ್ ಯಂತ್ರ ಕಷ್ಟದ ಮೂಲಕ ನಾಣ್ಯ ಕೇಳಿತು, ಫೋನು ಸುಲಭದ ಮೂಲಕ ಕೇಳುತ್ತದೆ. ಇವೆರಡೂ ಒಂದೇ ಮನೆತನದವು. ಒಮ್ಮೆ ಕಾಸು ಪಡೆದು, ಇಡೀ ಆಟ ಕೊಟ್ಟು, ಮುಗಿದಾಗ ಮುಗಿಯಿತು ಎನ್ನುವ ಹಸಿರು ತೆರೆಯ ಆಟ ಆ ಮನೆತನಕ್ಕೆ ಸೇರಿದ್ದಲ್ಲ.

ಕರ್ಬಿಯ ಮನೆಯವರೇ ಈಗ ಕೊಂಚ ದಾರಿ ಬದಲಿಸಿದ್ದಾರೆಂಬುದನ್ನೂ ಹೇಳಬೇಕು. ಎಲ್ಡನ್ ರಿಂಗ್ ಬಂದು ಸರಿಯಾಗಿ ಒಂದು ತಿಂಗಳಿಗೆ, 2022ರ ಮಾರ್ಚ್ 25ರಂದು, 'ಕರ್ಬಿ ಆ್ಯಂಡ್ ದಿ ಫರ್ಗಾಟನ್ ಲ್ಯಾಂಡ್' ಬಂತು. ಡ್ರೀಮ್ ಲ್ಯಾಂಡ್ ಮೂರು ದಶಕ ಕಾಪಾಡಿಕೊಂಡಿದ್ದ ಸರಣಿಯ ಮಾರಾಟ ದಾಖಲೆಯನ್ನು ಮುರಿದದ್ದು ಇದೇ. ಅದರಲ್ಲಿ ಎರಡು ಬಗೆ: ಶಕ್ತಿ ಹೆಚ್ಚಿರುವ 'ಸ್ಪ್ರಿಂಗ್ ಬ್ರೀಜ್', ಅಂದರೆ ವಸಂತದ ತಂಗಾಳಿ, ಮತ್ತು ಕಷ್ಟದ 'ವೈಲ್ಡ್'. ಕಷ್ಟದ್ದನ್ನು ಆರಿಸಿದವರಿಗೆ ನಾಣ್ಯಗಳೂ ಜಾಸ್ತಿ. ತಂಗಾಳಿ ಎಂಬ ಹೆಸರಿಗೊಂದು ಚರಿತ್ರೆಯಿದೆ. 1996ರ ಕರ್ಬಿ ಸಂಕಲನವೊಂದರಲ್ಲಿ ಡ್ರೀಮ್ ಲ್ಯಾಂಡನ್ನು ಚುಟುಕಾಗಿ ಮರುಸೃಷ್ಟಿಸಿದಾಗ ಇಟ್ಟ ಹೆಸರದು. ಅಂದರೆ ಮೂಲ ಆಟದ ಮರುಸೃಷ್ಟಿಯ ಹೆಸರೇ ಈಗ ಸುಲಭದ ಹೆಸರಾಗಿದೆ. ಗೌರವವೇ, ಆದರೆ ನನ್ನ ಕಣ್ಣಿಗೆ ಅದರಲ್ಲೊಂದು ನಷ್ಟವೂ ಕಾಣುತ್ತದೆ. ಮೂಲದಲ್ಲಿ ತಂಗಾಳಿಗೆ ಬೇರೆ ಬಾಗಿಲಿರಲಿಲ್ಲ, ನಾಣ್ಯದ ತಾರತಮ್ಯವೂ ಇರಲಿಲ್ಲ. ಅಲ್ಲಿ ಎಕ್ಸ್‌ಟ್ರಾ ಗೇಮ್ ಕೂಡ ಗೆದ್ದ ಪಳಗಿದ ಆಟಗಾರನಿಗೆ ಸಿಗುತ್ತಿದ್ದದ್ದು ಇನ್ನೊಂದು ಗುಟ್ಟು: ಕೆಳಗಿನ ಬಟನ್, ಬಿ ಮತ್ತು ಸೆಲೆಕ್ಟ್. ಒತ್ತಿದರೆ, ಕರ್ಬಿಗೆ ಎಷ್ಟು ಶಕ್ತಿ ಇರಬೇಕು, ಎಷ್ಟು ಲೈಫ್ ಇರಬೇಕು ಎಂದು ಆಡುವವನೇ ನಿಗದಿಮಾಡಿಕೊಳ್ಳುವ ಪುಟ ತೆರೆದುಕೊಳ್ಳುತ್ತದೆ. ಜೊತೆಗೆ ಆಟದ ರಾಗಗಳನ್ನೆಲ್ಲ ಒಂದೊಂದಾಗಿ ಕೇಳುವ ಅವಕಾಶ. ಶಕ್ತಿಯನ್ನು ಒಂದೇ ಅಂಕಕ್ಕೆ ಇಳಿಸಿಕೊಂಡು ಶುರುಮಾಡಿದರೆ ಗ್ರೀನ್ ಗ್ರೀನ್ಸ್ ಕೊನೆಯಲ್ಲಿ ಅದೇ ಮರ, ಅದೇ ಸಪ್ಪೆ ಮೋರೆ ಹೊತ್ತು ಕಾದಿರುತ್ತದೆ. ಈ ಸಲ ಒಂದು ಸೇಬು ತಲೆಗೆ ಬಿದ್ದರೂ ಮುಗಿಯಿತು.